ಒಂದೇ ಪುಸ್ತಕ, ಎರಡು ಲಿಪಿ

"ಯಾವುದಾದ್ರೂ ಒಳ್ಳೆ ಪುಸ್ತಕ ಹೇಳೋ ಮಾರಾಯಾ" ಅಂತ ಆಫೀಸಿನಲ್ಲಿ ಆಗಾಗ ಯಾರಾದ್ರೂ ಕೇಳ್ತಿರ್ತಾರೆ. ಊಟದ ಹೊತ್ತಿಗೆ ಕೈಯಲ್ಲಿ ಪುಸ್ತಕ ಹಿಡ್ಕೊಂಡು ಕೂತವನಿಗೆ ಇಷ್ಟಾದ್ರೂ ಶಿಕ್ಷೆ ಬೇಡ್ವಾ :-) ಅವರಿಗೆಲ್ಲ ಹೆಸರು ಹೇಳೋದು ಸುಲಭ. ತೇಜಸ್ವಿ ಅಂದ್ರೆ ಮುಗೀತು. ಕಷ್ಟ ಇರೋದು ಮನೆಯಲ್ಲಿ. ನಮ್ಮ ಮನೆಯಲ್ಲಿ ಯಾರಿಗಾದ್ರೂ ಪುಸ್ತಕ ಕೊಡೋ ಮುಂಚೆ ಅದು ಚೆನ್ನಾಗಿದೆಯಾ ಅಂತ ಕೇಳೋ ಹಾಗಿಲ್ಲ, ಯಾವ ಲಿಪಿ ಅಂತ ಕೇಳಬೇಕು.

ನಮ್ಮೂರು ಪಾರಿಶ್ವಾಡ, ಖಾನಾಪುರ ತಾಲೂಕು, ಬೆಳಗಾವಿ ಜಿಲ್ಲೆ. ಆ ತಾಲೂಕನ್ನ ನೋಡಿದವರಿಗೆ ಗೊತ್ತಿರುತ್ತೆ. ಪೂರ್ವಕ್ಕೆ ನಮ್ಮೂರು, ಇಟಗಿ, ಬೀಡಿ, ಕಕ್ಕೇರಿ ಕಡೆ ಬಯಲು, ಎರಿ ಹೊಲ, ಕನ್ನಡ. ಪಶ್ಚಿಮಕ್ಕೆ ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟೋ ಕಣಕುಂಬಿಯ ಕಡೆ ಹೋದ್ರೆ ಕಾಡು, ಭತ್ತ, ಮುಗಿಯದ ಮಳೆ, ಮರಾಠಿ. ಅಪ್ಪ ಈ ಕಡೆಯವನು, ಅವ್ವ ಆ ಕಡೆಯವಳು. ಅವ್ವ ಏಳನೇ ಇಯತ್ತೆವರೆಗೆ ಮರಾಠಿ ಶಾಲೆಯಲ್ಲಿ ಓದಿ, ಲಗ್ನ ಆಗಿ ಪಾರಿಶ್ವಾಡಕ್ಕೆ ಬಂದು, ಆರು ತಿಂಗಳಲ್ಲಿ ನಮ್ಮಜ್ಜಿಗಿಂತ ಜೋರಾಗಿ ಕನ್ನಡದಲ್ಲಿ ಜಗಳಾಡೋದು ಕಲಿತಳಂತೆ. ಆದ್ರೆ ಕನ್ನಡ ಅಕ್ಷರ ಮಾತ್ರ ಕಲಿಯಲಿಲ್ಲ. ಬಸ್ಸಿನ ಬೋರ್ಡು ಓದ್ತಾಳೆ, ಅಷ್ಟೆ. ಓದೋದೆಲ್ಲ ಮರಾಠಿ. ಬೆಳಗಾವಿಯ 'ತರುಣ ಭಾರತ' ಪೇಪರಿನ ಹಳೇ ಪುರವಣಿಗಳನ್ನ ಇವತ್ತಿಗೂ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿರ್ತಾಳೆ. (ಗಡಿ ಜಗಳದ ವಿಷಯ ಇಲ್ಲಿ ಬೇಡ. ಮಹಾಜನ್ ವರದಿ ಬಂದಿದ್ದು 1967ರಲ್ಲಿ, ನಮ್ಮ ಮನೆಯಲ್ಲಿ ಅಡುಗೆಮನೆ ಮತ್ತು ಪಡಸಾಲೆಯ ನಡುವೆ ಅದು ಇನ್ನೂ ಜಾರಿಗೆ ಬಂದಿಲ್ಲ.)

ಹೀಗಾಗಿ ನಾನು ಓದಿ ಖುಷಿಪಟ್ಟ ಪುಸ್ತಕ ಅವ್ವನಿಗೆ ಕೊಡೋ ಹಾಗಿರಲಿಲ್ಲ. ಅವಳು ಓದಿದ್ದನ್ನ ನಾನು ಓದಬಹುದಿತ್ತು, ಶಾಲೆಯ ಹಿಂದಿಯ ಪುಣ್ಯದಿಂದ ದೇವನಾಗರಿ ಬರುತ್ತಲ್ಲ. ಹಾಗೆ ಅವಳು ಓದಿಸಿದ ಮೊದಲ ಪುಸ್ತಕ ಪು. ಲ. ದೇಶಪಾಂಡೆಯವರ 'ಗಣಗೋತ'. ಅದರಲ್ಲಿ 'ರಾವಸಾಹೇಬ' ಅಂತ ಒಂದು ವ್ಯಕ್ತಿಚಿತ್ರ ಇದೆ. ಬೆಳಗಾವಿಯ ಮನುಷ್ಯ, ಆಡೋದು ಮರಾಠಿ, ಅದರ ತುಂಬ ಕನ್ನಡದ ರಾಗ, ಸಾಲಿಗೊಂದು ಬೈಗುಳ. ಪು.ಲ. ಸ್ವತಃ ಕೆಲ ಕಾಲ ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳಿದವರು, ಹಾಗಾಗಿ ಕಿವಿ ಪಕ್ಕಾ ಇತ್ತು. ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಒಂದು ತಾಸು ನಿಂತವರು ಯಾರೇ ಆದ್ರೂ ಇದನ್ನ ಓದಬೇಕು. ನಗು ತಡೆಯೋಕಾಗಲ್ಲ.

ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಭೈರಪ್ಪನವರ 'ವಂಶವೃಕ್ಷ' ಓದಿದೆ. ಹಾಸ್ಟೆಲಿನಲ್ಲಿ, ಎರಡು ರಾತ್ರಿಯಲ್ಲಿ, ಮಧ್ಯೆ ಒಂದು ಇಂಟರ್ನಲ್ಸ್ ಬಿಟ್ಟು. ರಜೆಗೆ ಊರಿಗೆ ಬಂದು ಆ ಕತೆ ಹೇಳೋಕೆ ಶುರು ಮಾಡಿದ್ರೆ ಅವ್ವ ರೊಟ್ಟಿ ಬಡಿಯುತ್ತಾ, ತಲೆ ಎತ್ತದೇ ಅಂದಳು:

"ಶ್ರೋತ್ರಿಗಳದಲ್ಲೇನು? ನಾ ಓದೇನಿ. ನೀ ಇನ್ನೂ ಹುಟ್ಟಿದ್ದಿಲ್ಲ."

ಅವಳು ಓದಿದ್ದು ಉಮಾ ಕುಲಕರ್ಣಿಯವರ ಮರಾಠಿ ಅನುವಾದ. ಅಲ್ಲಿಯವರೆಗೆ ನಂಗೆ ಆ ಹೆಸರೇ ಗೊತ್ತಿರಲಿಲ್ಲ. ಹುಟ್ಟಿದ್ದು ಬೆಳಗಾವಿಯಲ್ಲಿ, ನೆಲೆಸಿದ್ದು ಪುಣೆಯಲ್ಲಿ. ಕಾರಂತ, ಭೈರಪ್ಪ, ತೇಜಸ್ವಿ ಮರಾಠಿಯವರ ಮನೆಗೆ ಹೋಗಿದ್ದು ಬಹುಪಾಲು ಇವರ ಕೈಯಿಂದ. 'ವಂಶವೃಕ್ಷ'ದ ಅನುವಾದಕ್ಕೆ 1989ರ ಸಾಹಿತ್ಯ ಅಕಾಡೆಮಿ ಅನುವಾದ ಬಹುಮಾನ ಬಂತು. ನಂಗೆ ತುಂಬಾ ಹಿಡಿಸಿದ್ದು ಅವರ ಕೆಲಸದ ರೀತಿ. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪುಸ್ತಕವನ್ನ ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಇಡೋದು, ಇವರು ಅದನ್ನ ಕೇಳ್ತಾ ಕೇಳ್ತಾ ಮರಾಠಿಯಲ್ಲಿ ಬರೆಯೋದು. ಕನ್ನಡ ಕಿವಿಗೆ ಗೊತ್ತು, ಲಿಪಿಯ ಬಳಕೆ ಇಲ್ಲ. ಥೇಟ್ ನಮ್ಮವ್ವನ ಕತೆ! 'ಸಂವಾದು ಅನುವಾದು' ಅಂತ ಅವರ ಆತ್ಮಕಥೆ ಮರಾಠಿಯಲ್ಲಿದೆ, ಓದೋಕೆ ಬರೋರು ಓದಿ.

ಸರಿ, ಇಬ್ಬರೂ ಓದಿದ್ದು ಒಂದೇ ಕಾದಂಬರಿ ಅಂತಾಯ್ತು. ಮಾತಾಡೋಕೆ ಕೂತ ಮೇಲೆ ಗೊತ್ತಾಯ್ತು, ಇಬ್ಬರ ಕಾದಂಬರಿ ಬೇರೆ ಬೇರೆ.

ಓದದವರಿಗೆ ಸ್ವಲ್ಪ ಹೇಳಿಬಿಡ್ತೀನಿ. 1965ರಲ್ಲಿ ಬಂದ ಕಾದಂಬರಿ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಒಬ್ಬನೇ ಮಗ ಕಪಿಲಾ ಹೊಳೆಯಲ್ಲಿ ತೀರಿಕೊಂಡಿದ್ದಾನೆ. ಸೊಸೆ ಕಾತ್ಯಾಯಿನಿಗೆ ಸಣ್ಣ ಮಗು. ಕಾಲೇಜಿಗೆ ಹೋಗ್ತಾಳೆ, ಅಲ್ಲಿ ರಾಜಾರಾಯನ ಪರಿಚಯ ಆಗುತ್ತೆ, ಮದುವೆ ಆಗೋ ನಿರ್ಧಾರ ಮಾಡ್ತಾಳೆ. ಮಗ ಚೀನಿಯನ್ನ ಕರ್ಕೊಂಡು ಹೋಗೋಕೆ ಬಂದಾಗ ಶ್ರೋತ್ರಿಗಳು ಅಡ್ಡ ಬರಲ್ಲ, ತೀರ್ಮಾನ ಅವಳಿಗೇ ಬಿಡ್ತಾರೆ. ಅವಳು ಮಲಗಿರೋ ಮಗುವನ್ನ ಬಿಟ್ಟು ಬರಿಗೈಯಲ್ಲಿ ಹೊರಡ್ತಾಳೆ. ಆಮೇಲೆ ಮೇಲಿಂದ ಮೇಲೆ ಗರ್ಭಪಾತ, ಕೊರಗು, ಸಾವು. ಇದರ ಜೊತೆಗೆ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಬಗ್ಗೆ ತಿಳಿಯೋ ಸತ್ಯ, ಇತಿಹಾಸಕಾರ ಸದಾಶಿವರಾಯರ ಎರಡು ಸಂಸಾರ ಎಲ್ಲ ಇದೆ. 1971ರಲ್ಲಿ ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡ ಸೇರಿ ಸಿನಿಮಾ ಮಾಡಿದ್ದು ಇದನ್ನೇ.

ಇಪ್ಪತ್ತರ ವಯಸ್ಸಿನಲ್ಲಿ ನನ್ನ ತಲೆ ತುಂಬ ಶ್ರೋತ್ರಿಗಳೇ. ಧರ್ಮ ಅಂತ ನಂಬಿ ಬಾಳಿದ ಮನುಷ್ಯನಿಗೆ ಆ ವಂಶವೇ ತನ್ನದಲ್ಲ ಅಂತ ಗೊತ್ತಾದ್ರೆ ಏನಾಗಬೇಕು! ಇದನ್ನೇ ಅರ್ಧ ಗಂಟೆ ಹೇಳಿದೆ. ಅವ್ವ ಕೇಳಿಸಿಕೊಂಡು ಅಂದಳು:

"ಅದೆಲ್ಲಾ ಖರೇ. ಆದ್ರ ಆ ಹುಡುಗೀನ ಯಾಕ ಹಂಗ ಮಾಡಿದ್ರು? ಒಂದ ಕೂಸೂ ನಿಲ್ಲಲಿಲ್ಲ ಆಕೀಗೆ."

"ಅದು ಆಕಿ ಮನಸಿನ್ಯಾಗಿಂದು ಅವ್ವಾ. ತಾ ತಪ್ಪ ಮಾಡೇನಿ ಅನ್ನೋದು ಒಳಗ ಕೊರೀತಿರ್ತೈತಿ."

"ಕೊರಿಯೂದು ಆಕೀಗೋ, ಬರದಾವರಿಗೋ?"

ಭೈರಪ್ಪನವರ ಹೆಣ್ಣು ಪಾತ್ರಗಳ ಬಗ್ಗೆ ಎಷ್ಟೋ ವಿಮರ್ಶೆ ಓದಿದೀನಿ. ಇಷ್ಟು ಚಿಕ್ಕದಾಗಿ ಹೇಳಿದ್ದು ಎಲ್ಲೂ ನೋಡಿಲ್ಲ. ಆದ್ರೂ ನನ್ನ ಮಟ್ಟಿಗೆ ಅದು ದೊಡ್ಡ ಕಾದಂಬರಿಯೇ. ಲೇಖಕನ ಜೊತೆ ಜಗಳ ತೆಗೆಯೋಕೆ ಓದುಗಳಿಗೆ ಅಷ್ಟು ಜಾಗ ಇರೋದು ಗಟ್ಟಿ ಪುಸ್ತಕದಲ್ಲಿ ಮಾತ್ರ.

ಅವ್ವನಿಗೆ ಆ ಜಗಳ ಎಲ್ಲಿಂದ ಬಂತು ಅಂತ ಆವತ್ತು ರಾತ್ರಿಯೇ ಗೊತ್ತಾಯ್ತು. ಅವ್ವನ ತಂಗಿ, ನಮ್ಮ ಮಾವಶಿ, ಇಪ್ಪತ್ತೆರಡಕ್ಕೆ ಗಂಡನನ್ನ ಕಳಕೊಂಡಳು. ಮಗನಿಗೆ ಆಗ ಮೂರು ವರ್ಷ. ಇಷ್ಟು ನಂಗೆ ಗೊತ್ತಿತ್ತು. ಗೊತ್ತಿಲ್ಲದ್ದು ಏನಂದ್ರೆ, ಎರಡು ವರ್ಷದ ಮೇಲೆ ಅವಳಿಗೆ ಒಂದು ಒಳ್ಳೆ ಸಂಬಂಧ ಬಂದಿತ್ತು. ನಮ್ಮ ಮಂದಿಯಲ್ಲಿ ಉಡಿಕಿ ಇದೆ, ವಿಧವೆ ಮತ್ತೆ ಮದುವೆ ಆಗೋಕೆ ಶಾಸ್ತ್ರ ಗೀಸ್ತ್ರ ಅಡ್ಡ ಬರಲ್ಲ, ಊರಿನವರೂ ಬಾಯಿ ಹಾಕಲ್ಲ. ಅತ್ತೆ ಮನೆಯವರದು ಒಂದೇ ಮಾತು: ಹೋಗೋದಾದ್ರೆ ಹೋಗು, ಹುಡುಗ ನಮ್ಮ ಮನೆತನದ್ದು, ಇಲ್ಲೇ ಇರ್ತಾನೆ. ಮಾವಶಿ ಹೋಗಲಿಲ್ಲ.

ನಂಜನಗೂಡಿನ ಬ್ರಾಹ್ಮಣರ ಮನೆಯ ಕತೆ ಅಂತ ನಾನು ಓದಿದ್ದು, ಶಾಸ್ತ್ರದ ಗೋಜೇ ಇಲ್ಲದ ನಮ್ಮ ಮನೆಯಲ್ಲಿ ಹೀಗೆ ನಡೆದಿತ್ತು. ಆವತ್ತು ಅವ್ವ ಕತ್ತಲಲ್ಲಿ ಹೇಳ್ತಾ ಇದ್ದಳು, ನಾನು ಕೇಳಿಸಿಕೊಳ್ತಾ ಮಲಗಿದ್ದೆ. ಏನನ್ನೂ ಕೇಳೋಕೆ ಬಾಯಿ ಬರಲಿಲ್ಲ.

ವರ್ಷಗಳಾದವು. ಡಿಗ್ರಿ ಮುಗೀತು, ಬೆಂಗಳೂರಿಗೆ ಬಂದೆ. 2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡರು. ಸಂಜೆ ಅವ್ವನ ಫೋನು. "ಟಿವಿಯಾಗ ನೋಡಿದ್ನಿ. ನಿಮ್ಮ ಭೈರಪ್ಪ ಹೋದ್ರಂತ." ನಿಮ್ಮ ಅಂತ ಯಾಕೆ ಅಂದಳೋ, ಓದಿದ್ದು ನನಗಿಂತ ಮೊದಲು ಅವಳೇ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, "ಆ ಪುಸ್ತಕ ನಿಮ್ಮ ಮಾವಶೀಗೆ ಕೊಟ್ಟೇನಿ" ಅಂದಳು. ನಂಗೆ ಎದೆ ಧಸಕ್ ಅಂತು. "ಯಾಕ ಕೊಟ್ಟಿ?" ಅಂದೆ. "ಆಕೀನ ಕೇಳಿದ್ಳು. ಓದಾಕ ಏನರ ಕೊಡ ಅಂದ್ಳು. ಮಗಾ ಗೋವಾಕ್ಕ ಹೋದಮ್ಯಾಲ ಮನ್ಯಾಗ ಒಬ್ಬಾಕೀನ ಅದಾಳ."

ಪುಸ್ತಕ ಹೇಳೋದು, ಕೊಡೋದು ಅಂದ್ರೆ ನಾವು ತುಂಬಾ ಹಗುರವಾಗಿ ತಗೊಂಡಿರ್ತೀವಿ. ಐದಕ್ಕೆ ನಾಲ್ಕು ಸ್ಟಾರು, ಓದಲೇಬೇಕು, ಮಿಸ್ ಮಾಡಬೇಡಿ. ನಾನಾಗಿದ್ರೆ ಮಾವಶಿಗೆ ಈ ಪುಸ್ತಕ ಜನ್ಮದಲ್ಲಿ ಕೊಡ್ತಿರಲಿಲ್ಲ. ಸುಧಾ ಮೂರ್ತಿಯವರದ್ದು ಯಾವುದಾದ್ರೂ ಮರಾಠಿಯಲ್ಲಿ ತಂದುಕೊಟ್ಟು ಕೈ ತೊಳಕೊಳ್ತಿದ್ದೆ. ಅವ್ವ ಹಾಗೆ ಮಾಡಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಅದನ್ನೇ ಕೊಟ್ಟಳು.

ದೀಪಾವಳಿ ಆದ ಮೇಲೆ, ಮಳೆ ಪೂರ್ತಿ ನಿಂತು ರಸ್ತೆ ಒಣಗಿದಾಗ, ಇಬ್ಬರೂ ಮಾವಶಿಯ ಊರಿಗೆ ಹೋದ್ವಿ. ಪುಸ್ತಕ ದೇವರ ಮಾಡಿನ ಪಕ್ಕದಲ್ಲಿತ್ತು, ಅರ್ಧಕ್ಕಿಂತ ಮೊದಲೇ ಒಂದು ಕಡೆ ಬಸ್ ಟಿಕೆಟ್ ಸಿಕ್ಕಿಸಿತ್ತು. ಮಾವಶಿ ಒಳಗೆ ಚಹಾ ಮಾಡೋವಾಗ ತೆಗೆದು ನೋಡಿದೆ. ಕಾತ್ಯಾಯಿನಿ ಮಗುವನ್ನ ಬಿಟ್ಟು ಹೊರಗೆ ಬರೋ ಜಾಗ.

"ಮುಂದ ಓದಲಿಲ್ಲೇನ ಮಾವಶಿ?"

"ಇಲ್ಲೋ ಬಾಳಾ. ಆಕಿ ಹೊರಗ ಬಂದ್ಳಲ್ಲ, ಅಲ್ಲೀತನಕ ಸಾಕಾತು ನಂಗ." ಚಹಾದ ಕಪ್ಪು ಕೈಗೆ ಕೊಟ್ಟು ಕೇಳಿದಳು, "ಮುಂದ ಏನಾತು? ಲಗ್ನಾ ಆತೇನು?"

ನಾನು ಅವ್ವನ ಮುಖ ನೋಡಿದೆ. ಅವ್ವ ಚಹಾ ಆರಿಸ್ತಾ, "ಹೂಂ, ಆತು. ಛಲೋ ಹುಡುಗಾ. ನಾಟಕಾ ಆಡಿಸ್ತಿದ್ದಾ, ಕಾಲೇಜಿನ್ಯಾಗ ಕಲಸ್ತಿದ್ದಾ" ಅಂದಳು. ಅಷ್ಟಕ್ಕೇ ನಿಲ್ಲಿಸಿದಳು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಮಾವಶಿ ಸ್ವಲ್ಪ ಹೊತ್ತು ಹೊರಗೆ ನೋಡ್ತಾ ಕೂತಳು. ಅಂಗಳದಲ್ಲಿ ಭತ್ತ ಹರವಿತ್ತು, ಕೋಳಿಗಳು ಬರ್ತಿದ್ದವು, ಎದ್ದು ಹೋಗಿ ಓಡಿಸಿ ಬಂದಳು. ಬಂದು ಪುಸ್ತಕವನ್ನ ಟಿಕೆಟ್ ಸಮೇತ ಅವ್ವನ ಚೀಲಕ್ಕೆ ಹಾಕಿ, ನನ್ನ ಕಡೆ ತಿರುಗಿ, "ಇನ್ನೊಂದು ಕಳಸು. ಅದರಾಗ ಹೆಂಗಸು ಕಡೀತನಕ ಇರಬೇಕ ನೋಡು" ಅಂದಳು.

ಈಗ ನಂದು ಆ ಹುಡುಕಾಟ ನಡೀತಿದೆ. 'ಪರ್ವ' ಇದೆ, ಕುಂತಿ ದ್ರೌಪದಿ ಇದ್ದಾರೆ, ಆದ್ರೆ ಉಳಿದವರೆಲ್ಲ ಹೋಗ್ತಾರೆ, ಅದೂ ಅಲ್ಲದೆ ತೂಕ ನೋಡಿದ್ರೆ ಮಾವಶಿ ಬಾಗಿಲಿಗೆ ಒತ್ತು ಕೊಡೋಕೆ ಇಟ್ಟುಬಿಟ್ಟಾಳು. 'ಕರ್ವಾಲೊ' ಕೊಡೋಣ ಅಂದ್ಕೊಂಡೆ. ಕಾಡಿನ ಪಕ್ಕದಲ್ಲೇ ಇರೋಳು, ಹಾರುವ ಓತಿಯ ಕತೆ ಹಿಡಿಸುತ್ತೆ. ಫೋನಿನಲ್ಲಿ ಅವ್ವನಿಗೆ ಹೇಳಿದ್ರೆ, "ಅದರಾಗ ಹೆಂಗಸರು ಎಲ್ಲಿ ಅದಾರೋ? ಓತಿಕ್ಯಾತ ಹುಡಿಕ್ಕೋತ ಗಂಡಸರ ತಿರಗ್ಯಾಡ್ತಾರ" ಅಂದಳು. ಅದೂ ನಿಜವೇ.

ಹಾಗಾಗಿ ನಿಮ್ಮನ್ನೇ ಕೇಳ್ತಿದೀನಿ. ಕನ್ನಡದ್ದಾಗಿರಬೇಕು, ಮರಾಠಿಗೆ ಬಂದಿರಬೇಕು, ತೀರಾ ದಪ್ಪ ಇರಬಾರದು, ಮತ್ತೆ ಮಾವಶಿಯ ಷರತ್ತು ಗೊತ್ತೇ ಇದೆ. ಸಂಕ್ರಾಂತಿಗೆ ಊರಿಗೆ ಹೊರಡೋದ್ರೊಳಗೆ ಹೆಸರು ಸಿಕ್ರೆ ಬೆಳಗಾವಿಯಲ್ಲಿ ಇಳಿದು ಖಡೇಬಜಾರಿನ ಅಂಗಡಿಗಳಲ್ಲಿ ಹುಡುಕಿ ತಗೊಂಡು ಹೋಗ್ತೀನಿ.