ಪೂಜೆಯೂ ಸಿದ್ಧತೆಯೂ

ನಿವೃತ್ತರಾದ ಮೇಲೆ ನಾವು ಅಮೆರಿಕದ ಮಿನ್ನೆಸೋಟದಲ್ಲಿರುವ ಮಗನ ಮನೆಯಲ್ಲಿ ಕೆಲವು ವರ್ಷ ವಾಸಮಾಡುವಂತಾಯಿತು. ಪಾಣಿನಿಯ ಸೂತ್ರಗಳಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬ ಕ್ರಮವೇ ಕಾರ್ಯವನ್ನು ನಿರ್ಣಯಿಸುವುದೆಂದು ಜೀವಮಾನವೆಲ್ಲ ಬಾಲಕರಿಗೆ ಹೇಳಿದವರು ನಾವು. ಆ ಪಾಠವನ್ನೇ ನಮಗೆ ಹೇಳಿಕೊಟ್ಟುದು ಒಂದು ಯಂತ್ರ. ಅಂಗಳದ ಹಾಸುಗಲ್ಲನ್ನು ರಭಸದ ನೀರಿನಿಂದ ತೊಳೆಯುವ ಪೆಟ್ರೋಲಿನ ಯಂತ್ರ.

ಆಶ್ವಯುಜದ ಹೊತ್ತಿಗೆ ಅಲ್ಲಿ ಎಲೆಗಳುದುರತೊಡಗುವುವು. ಮುಂದೆ ಪುಷ್ಯ ಮಾಸದಲ್ಲಿ ಉಷ್ಣಮಾನವು ಸೊನ್ನೆಗಿಂತಲೂ 20 ಡಿಗ್ರಿ ಕೆಳಗಿಳಿಯುವ ರಾತ್ರಿಗಳುಂಟು. ಮೊದಲ ವರ್ಷ ಮಗನು ಪರಸ್ಥಳಕ್ಕೆ ಹೊರಡುವಾಗ, “ಅಪ್ಪ, ಅದನ್ನು ಚಳಿಗೆ ಸಿದ್ಧಮಾಡಬೇಕು” ಎಂದನು. “ನಮಗೆ ಬಿಡು” ಎಂದೆವು. ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮವಿಟ್ಟು, ಹೂವೇರಿಸಿ, ಹಿತ್ತಿಲ ಕೊಠಡಿಯಲ್ಲಿರಿಸಿದೆವು. ಪೂಜೆಯೇ ಸಿದ್ಧತೆಯೆಂದು ನಮ್ಮ ಭಾವನೆ! ವಸಂತದಲ್ಲಿ ನೋಡಿದರೆ ಪಂಪು ಸೀಳಿಹೋಗಿತ್ತು. ನೂರು ಪಾಲು ನೀರು ಹೆಪ್ಪುಗಟ್ಟಿದರೆ ಸುಮಾರು 109 ಪಾಲಾಗುವುದಷ್ಟೆ. ಒಳಗುಳಿದ ನೀರಿನ ಆ ಒತ್ತಡವನ್ನು ಲೋಹವೂ ತಾಳಲಾರದು. ಮಗನು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿತ್ತು.

ಎರಡನೆಯ ವರ್ಷ ಬುದ್ಧಿವಂತರಾದೆವೆಂದುಕೊಂಡು, ಯಂತ್ರವು ಬೆಚ್ಚಗಿರಲೆಂದು ಅದನ್ನು ಮನೆಯ ನೆಲಮಾಳಿಗೆಗಿಳಿಸಿ, ನೀರು ಕಾಯಿಸುವ ಅನಿಲದ ಹಂಡೆಯ ಮಗ್ಗುಲಲ್ಲಿಟ್ಟೆವು. ಹಂಡೆಯ ಅಡಿಯಲ್ಲಿ ಸದಾ ಉರಿಯುವ ಕಿರುಜ್ವಾಲೆ; ಯಂತ್ರದ ಹೊಟ್ಟೆಯಲ್ಲಿ ಪೆಟ್ರೋಲು. ಅದರ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆಯೇ ಹರಿದು ಜ್ವಾಲೆಯನ್ನು ಹುಡುಕಿಕೊಂಡು ಹೋಗಬಲ್ಲದೆಂಬುದನ್ನು ನಾವು ಆಲೋಚಿಸಲಿಲ್ಲ. ಆ ರಾತ್ರಿ ಸೊಸೆಯು ವಾಸನೆಯನ್ನರಿತು, ನಿದ್ರಿಸುತ್ತಿದ್ದ ಮೊಮ್ಮಗಳನ್ನೆತ್ತಿಕೊಂಡು, ನಮ್ಮ ಕೈಹಿಡಿದು ಹೊರಗೆ ಕರೆತಂದಳು. ಅಗ್ನಿಶಾಮಕರು ಬಂದು ಯಂತ್ರವನ್ನು ಹೊರಗೊಯ್ದರು. ಕಂಬಳಿಯೊಳಗಿಂದ ಮಗುವು, “ತಾತ, ನಾವು ಏಕೆ ಹೊರಗಿದ್ದೇವೆ?” ಎಂದು ಕೇಳಿತು. ಅರುವತ್ತು ವರ್ಷದ ಪಾಂಡಿತ್ಯಕ್ಕೆ ಉತ್ತರ ಹೊಳೆಯಲಿಲ್ಲ.

ಮೂರನೆಯ ವರ್ಷ ಸೊಸೆಯನ್ನೇ ಗುರುವಾಗಿ ಸ್ವೀಕರಿಸಿದೆವು. ಅವಳು ತಿಳಿಸಿದ ಕ್ರಮವಿದು. ಅಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10 ಪಾಲು ಎಥನಾಲು ಬೆರೆತಿರುವುದು. ಅದು ತೇವವನ್ನು ಹೀರುವುದು, ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ಸೂಕ್ಷ್ಮರಂಧ್ರಗಳನ್ನು ಮುಚ್ಚುವುದು. ಆದುದರಿಂದ ಹೊಸ ಪೆಟ್ರೋಲಿಗೆ ಕೆಡದಂತೆ ಕಾಯುವ ದ್ರವವನ್ನು ಬೆರೆಸಿ, ನೀರಿನ ಕೊಳವೆಯನ್ನು ಜೋಡಿಸಿ, ಇಂಜಿನನ್ನು ಕೆಲವು ನಿಮಿಷ ಓಡಿಸಬೇಕು. ನೀರಿಲ್ಲದೆ ಓಡಿಸಿದರೆ ಪಂಪು ಕೆಡುವುದು. ಬಳಿಕ ಇಂಜಿನನ್ನು ನಿಲ್ಲಿಸಿ, ಬಿಸಿಯಾರುವುದಕ್ಕೆ ಮೊದಲೇ ಹಳೆಯ ಎಣ್ಣೆಯನ್ನು ಬಸಿದು ಹೊಸದನ್ನು ತುಂಬಬೇಕು. ಆಮೇಲೆ ಕೊಳವೆಯನ್ನು ಕಳಚಿ, ಪಿಚಕಾರಿಯ ಕೀಲನ್ನೊತ್ತಿ ಒತ್ತಡವನ್ನಿಳಿಸಿ, ಸ್ವಿಚ್ಚನ್ನಾರಿಸಿಯೇ ಹಗ್ಗವನ್ನು ನಾಲ್ಕಾರು ಬಾರಿ ಎಳೆದು ಉಳಿದ ನೀರನ್ನು ಹೊರಗೆಡಹಬೇಕು. ಕೊನೆಗೆ ಹೆಪ್ಪುಗಟ್ಟದ ದ್ರವವನ್ನು ಪಂಪಿನ ಒಂದು ಬಾಯಿಂದ ಹೊಗಿಸಿ, ಮತ್ತೊಂದು ಬಾಯಲ್ಲಿ ಅದು ಕಾಣುವವರೆಗೂ ತುಂಬಬೇಕು. ಯಂತ್ರವೂ ಪೆಟ್ರೋಲಿನ ಡಬ್ಬಿಯೂ ಮನೆಯಿಂದ ಬೇರೆಯಾದ, ಬೆಂಕಿಯ ಸೋಂಕಿಲ್ಲದ ಕೊಠಡಿಯಲ್ಲಿರತಕ್ಕದ್ದು.

ನಮ್ಮ ನಾಡಿನಲ್ಲಿ ಹಿಮದ ಭಯವಿಲ್ಲ. ಆದರೂ ತಿಂಗಳುಗಟ್ಟಲೆ ಮೂಲೆಯಲ್ಲಿ ನಿಲ್ಲುವ ಹುಲ್ಲು ಕತ್ತರಿಸುವ ಯಂತ್ರಕ್ಕೂ ಔಷಧಿ ಸಿಂಪಡಿಸುವ ಯಂತ್ರಕ್ಕೂ ಕೆಟ್ಟ ಪೆಟ್ರೋಲಿನ ಬಾಧೆ ತಪ್ಪಿದ್ದಲ್ಲ. ದೀಪದ ಬಳಿ ಪೆಟ್ರೋಲು ಇಡಬಾರದೆಂಬುದಂತೂ ಎಲ್ಲ ನಾಡಿಗೂ ಒಂದೇ.

ಆ ವರ್ಷವೂ ಆಯುಧಪೂಜೆಯನ್ನು ಬಿಡಲಿಲ್ಲ. ಮೊದಲು ಯಂತ್ರದ ಕೆಲಸವನ್ನೆಲ್ಲ ಮುಗಿಸಿದೆವು. ಕರ್ಪೂರದಾರತಿ ದೇವರ ಮನೆಯಲ್ಲಿಯೇ ಆಯಿತು. ಯಂತ್ರಕ್ಕೆ ಕುಂಕುಮ ಮಾತ್ರ. ಅದನ್ನಿಟ್ಟವಳು ಮೊಮ್ಮಗಳು. ವಸಂತದಲ್ಲಿ ಹಗ್ಗವನ್ನು ಮಗನೇ ಎಳೆದನು. ಮೂರನೆಯ ಎಳೆತಕ್ಕೆ ಇಂಜಿನು ಹೊರಟಿತು. ಅವನು ನಮ್ಮ ಕಡೆಗೆ ತಿರುಗಿ ನಕ್ಕನು.