ತಬರನು ಹೀಗಿದ್ದನೇ?

ಕಥೆಯೊಳಗಿನ ಮನುಷ್ಯನಿಗೆ ಮಾತನ್ನು ಕೊಡುವವನು ಗ್ರಂಥಕರ್ತ. ಮುಖವನ್ನು ಕೊಡುವವರು ಓದುವವರು. ಎಷ್ಟೇ ವರ್ಣನೆಯಿರಲಿ, ಮೂಗು, ಹುಬ್ಬು, ನಡಿಗೆಯ ಓರೆ ಇವುಗಳನ್ನೆಲ್ಲ ನಾವು ನಮ್ಮ ನೆರೆಹೊರೆಯಿಂದಲೇ ಕಡ ತಂದು ತುಂಬಿಕೊಳ್ಳುತ್ತೇವೆ. ಆದುದರಿಂದ ಒಂದೇ ಪುಸ್ತಕವನ್ನು ಒಂದೇ ಮನೆಯ ಐವರು ಓದಿದರೆ ಕಥಾನಾಯಕನು ಐದು ಮುಖಗಳಲ್ಲಿ ಆ ಮನೆಯಲ್ಲಿ ತಿರುಗಾಡುತ್ತಿರುತ್ತಾನೆ. ಚಲಚ್ಚಿತ್ರದವರು ಬಂದು ಒಬ್ಬ ನಟನನ್ನು ತೆರೆಯ ಮೇಲೆ ನಿಲ್ಲಿಸಿ "ಇವನೇ ಅವನು" ಎಂದೊಡನೆ ಉಳಿದ ಮುಖಗಳಿಗೆ ನೆಲೆ ತಪ್ಪುತ್ತದೆ. ಜಗಳವು ಮೊದಲಾಗುವುದು ಅಲ್ಲಿಂದಲೇ.

ಮೂಡಿಗೆರೆಯ ಸೀಮೆಯಲ್ಲಿರುವ ನಮ್ಮ ಮನೆಗೆ ಈ ಜಗಳವು ಆಷಾಢದ ಅತಿಥಿ. ಮಳೆ ಹಿಡಿದರೆ ತೋಟದ ಕೆಲಸ ನಿಲ್ಲುತ್ತದೆ, ದೀಪ ಹೋಗುತ್ತದೆ, ಬಚ್ಚಲೊಲೆಯ ಬೆಂಕಿಯೂ ಹಲಸಿನ ಹಪ್ಪಳವೂ ಮಾತೂ ಉಳಿಯುತ್ತವೆ. ಕಾಲೇಜುಗಳಿಂದ ಬಂದ ಹುಡುಗರು ಒಂದು ಕಡೆ ಕುಳಿತು ಅತಿಮಾನುಷ ವೀರರ ಸಿನಿಮಾಗಳನ್ನು ಹಿಡಿದು ವಾದಿಸುವರು: ಬ್ಯಾಟ್‌ಮ್ಯಾನನ ಪಾತ್ರವು ಯಾರಿಗೆ ಒಪ್ಪಿತು, ಯಾರು ಅದನ್ನು ಕೆಡಿಸಿದರು, ಚಿತ್ರಕಥೆಯ ಪುಸ್ತಕದಲ್ಲಿದ್ದ ಗಾಂಭೀರ್ಯವು ತೆರೆಯಲ್ಲಿ ಉಳಿಯಿತೇ ಇಲ್ಲವೇ ಎಂದು. ಹಿರಿಯರು ಇದನ್ನು ಕೇಳಿ ನಗುವುದುಂಟು. ಮುಸುಕು ಹಾಕಿಕೊಂಡು ಮಾಳಿಗೆಯಿಂದ ಮಾಳಿಗೆಗೆ ಹಾರುವವನ ಮುಖ ಹೇಗಿದ್ದರೆ ಏನಂತೆ, ಎಂಬುದು ಅವರ ಹಾಸ್ಯ.

ಆದರೆ ಇದು ನಗೆಯಲ್ಲಿ ತಳ್ಳಿಬಿಡತಕ್ಕ ವಿಷಯವೆಂದು ನಮಗೆ ತೋರುವುದಿಲ್ಲ. ಸೂಪರ್‌ಮ್ಯಾನನು ಅಮೆರಿಕದ ಚಿತ್ರಕಥೆಯ ಹಾಳೆಗಳಲ್ಲಿ ಹುಟ್ಟಿದ್ದು 1938ರಲ್ಲಿ. ಬ್ಯಾಟ್‌ಮ್ಯಾನನು ಅದರ ಮರುವರ್ಷ. ಅಂದಿನಿಂದ ತಲೆಮಾರುಗಳ ಮಕ್ಕಳು ಅವರನ್ನು ಮನೆಯವರಂತೆ ಬಲ್ಲರು. 1989ರ ಬ್ಯಾಟ್‌ಮ್ಯಾನ್ ಚಿತ್ರಕ್ಕೆ ಹಾಸ್ಯಪಾತ್ರಗಳಿಂದ ಹೆಸರಾಗಿದ್ದ ಮೈಕೆಲ್ ಕೀಟನ್ ಎಂಬ ನಟನನ್ನು ಆರಿಸಿದರೆಂದು ತಿಳಿದಾಗ, ಅಭಿಮಾನಿಗಳು ಸಾವಿರಾರು ಪತ್ರಗಳನ್ನು ಬರೆದು ಪ್ರತಿಭಟಿಸಿದರು. ಚಿತ್ರ ಬಂದ ಮೇಲೆ ಅದೇ ನಟನನ್ನು ಬಹುಮಂದಿ ಮೆಚ್ಚಿಕೊಂಡರು. ನಮ್ಮ ಅಜ್ಜಂದಿರು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ? ಮಳೆಗಾಲ ಕಳೆದ ಮೇಲೆ ಘಟ್ಟ ಹತ್ತಿ ಬರುತ್ತಿದ್ದ ಮೇಳಗಳ ಯಕ್ಷಗಾನವನ್ನು ಬೆಳಗಿನವರೆಗೆ ನೋಡಿ, ಈ ವರ್ಷದ ಕೌರವನಲ್ಲಿ ಛಲವಿತ್ತೋ ಬರಿಯ ಅಬ್ಬರವಿತ್ತೋ ಎಂದು ಕೊಯ್ಲು ಮುಗಿಯುವ ತನಕ ಅವರು ಚರ್ಚಿಸಿದ್ದುಂಟು.

ನಮ್ಮ ಸೀಮೆಯವರಿಗಾದರೋ ಈ ಚರ್ಚೆಯಲ್ಲಿ ಹೊರಗಿನವರಿಗಿಲ್ಲದ ಒಂದು ಸಲಿಗೆಯುಂಟು. ಸೂಪರ್‌ಮ್ಯಾನನು ಹುಟ್ಟಿದ ಆ 1938ರಲ್ಲಿಯೇ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಗೆ ಬಂದು ನೆಲಸಿ, ತೋಟ ಮಾಡಿ, ಬರೆದು, 2007ರ ಏಪ್ರಿಲ್ 5ರಂದು ಇಲ್ಲಿಯ ತಮ್ಮ "ನಿರುತ್ತರ"ದಲ್ಲಿಯೇ ತೀರಿಕೊಂಡರು. ಅವರ ಕಥೆಗಳ ಜನ ನಮ್ಮ ಸಂತೆಯ ಜನ. "ಅಬಚೂರಿನ ಪೋಸ್ಟಾಫೀಸು" 1973ರಲ್ಲಿ ಎನ್. ಲಕ್ಷ್ಮೀನಾರಾಯಣರ ಕೈಯಲ್ಲಿ ಚಿತ್ರವಾಯಿತು. "ತಬರನ ಕಥೆ" 1986ರಲ್ಲಿ ಗಿರೀಶ ಕಾಸರವಳ್ಳಿಯವರಿಂದ, "ಕಿರಗೂರಿನ ಗಯ್ಯಾಳಿಗಳು" 2016ರಲ್ಲಿ ಸುಮನಾ ಕಿತ್ತೂರು ಅವರಿಂದ, "ಡೇರ್‌ಡೆವಿಲ್ ಮುಸ್ತಾಫಾ" 2023ರಲ್ಲಿ ಶಶಾಂಕ್ ಸೋಗಾಲ್ ಅವರಿಂದ ತೆರೆಗೆ ಬಂದವು. ಪ್ರತಿಯೊಂದೂ ನಮ್ಮ ಬಚ್ಚಲೊಲೆಯ ಮುಂದೆ ವಿಚಾರಣೆಗೆ ನಿಂತಿದೆ.

ಮುಸ್ತಾಫಾನ ಹೆಸರನ್ನು ಮೊದಲು ಕೇಳಿದಾಗ ನಮ್ಮ ಚಿಕ್ಕ ಹುಡುಗನೊಬ್ಬನು, 1964ರಿಂದ ಚಿತ್ರಕಥೆಗಳಲ್ಲಿ ಮೆರೆಯುತ್ತಿರುವ ಕುರುಡು ವಕೀಲ ಡೇರ್‌ಡೆವಿಲನೇ ಅಬಚೂರಿಗೆ ಬಂದನೆಂದು ಹಿಗ್ಗಿದನು. ಹಾಗಲ್ಲವೆಂದು ತಿಳಿದ ಮೇಲೂ ಚಿತ್ರವು ಅವನಿಗೆ ಹಿಡಿಸಿತು. ಕಾಲೇಜಿನಲ್ಲಿ ತಾನೊಬ್ಬನೇ ಮುಸಲ್ಮಾನನಾಗಿ ಬಂದು ಕುಳಿತ ಹುಡುಗ. ಪರಿಚಯವಿಲ್ಲದ್ದರಿಂದಲೇ ಅವನ ವಿಷಯದಲ್ಲಿ ಹುಟ್ಟುವ ಊಹಾಪೋಹ. ಇಷ್ಟು ಆ ಕಥೆಯ ಬೀಜ. ತೇಜಸ್ವಿಯವರ ಓದುಗರೇ ಸುಮಾರು 100 ಮಂದಿ ಹಣ ಕೂಡಿಸಿ ಆ ಚಿತ್ರವನ್ನು ಮಾಡಿಸಿದರು. ಒಂದು ಕುಳಿತದಲ್ಲಿ ಓದಿ ಮುಗಿಸುವ ಕಥೆಯನ್ನು ಎರಡು ಗಂಟೆಗೂ ಮೇಲ್ಪಟ್ಟ ಚಿತ್ರವಾಗಿ ಹಿಗ್ಗಿಸಬಹುದೇ ಎಂದು ನಮ್ಮಣ್ಣನವರು ಆಕ್ಷೇಪಿಸಿದರು. ಸಸಿಯನ್ನು ನೆಟ್ಟ ಮೇಲೆ ಅದು ಪಾತಿಯಷ್ಟೇ ಇರಬೇಕೆಂದರೆ ಹೇಗೆ, ಎಂದು ಅವರ ಮಗಳು ಕೇಳಿದಳು. ಅಪರಿಚಿತನ ಬಗೆಗಿನ ಅಂಜಿಕೆಯು ಕರಗುವುದನ್ನು ಚಿತ್ರವೂ ಬಿಡದೆ ಹಿಡಿದಿದೆ, ಆದುದರಿಂದ ಬೇರು ಅದೇ, ಎಂಬುದು ಅವಳ ಸಮಾಧಾನ.

ಕಿರಗೂರಿನ ಹೆಂಗಸರ ವಿಷಯದಲ್ಲಿ ತೀರ್ಪು ದೊಡ್ಡತ್ತಿಗೆಯವರದು. ದಾನಮ್ಮನ ಪಾತ್ರವನ್ನು ಶ್ವೇತಾ ಶ್ರೀವಾತ್ಸವ ಅವರು ಮಾಡಿದ್ದಾರೆ. "ಚೆನ್ನಾಗಿಯೇ ಬೈದಳು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಬೈಗುಳಕ್ಕೆ ಚಪ್ಪಾಳೆ ತಟ್ಟಿದವರು ಸೌದೆ ಹೊತ್ತದ್ದನ್ನೂ ನೋಡಬೇಕು" ಎಂದು ಅವರು ಹೇಳಿದ ಮಾತು ನಮಗೆ ಇಂದಿಗೂ ನೆನಪಿದೆ. ಹೊರಗೂ ಒಳಗೂ ಇಮ್ಮಡಿ ದುಡಿಯುವ ಹೆಂಗಸಿನ ನಾಲಗೆ ಹರಿತವಾಗುವುದಕ್ಕೆ ಕಾರಣವುಂಟು. ಆ ಕಾರಣವು ಕಂಡರೆ ಅದು ಪಾತ್ರ. ಕಾಣದಿದ್ದರೆ ಬರಿಯ ತಮಾಷೆ.

ಎಲ್ಲಕ್ಕಿಂತ ದೀರ್ಘವಾದ ವಾದವು ತಬರನನ್ನು ಕುರಿತದ್ದು. ತಬರನು ಸರ್ಕಾರದ ಕೆಳಗಿನ ದರ್ಜೆಯ ನೌಕರ, ನಿವೃತ್ತಿವೇತನಕ್ಕಾಗಿ ಕಾದವನು. ಹೆಂಡತಿಗೆ ಸಕ್ಕರೆ ರೋಗದಿಂದ ಕಾಲು ಕೊಳೆಯುತ್ತಿರುವಾಗ ಕಛೇರಿಯಿಂದ ಕಛೇರಿಗೆ ಅಲೆಯುತ್ತಾನೆ. ಹಣ ಬರುವ ವೇಳೆಗೆ ಆಕೆ ಉಳಿದಿರುವುದಿಲ್ಲ. ಆ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯೂ, ತಬರನಾದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟರೆಂಬ ಪ್ರಶಸ್ತಿಯೂ ಬಂದವು. ಆದರೂ ನಮ್ಮ ಮನೆಯಲ್ಲಿ ಒಪ್ಪಿಗೆ ಸುಲಭವಾಗಿ ಸಿಕ್ಕಲಿಲ್ಲ. ತಮಿಳು ನಾಡಿನಿಂದ ಬಂದವರು ನಮ್ಮ ತಬರನಾಗಬಹುದೇ ಎಂದೊಬ್ಬರು. ತಬರನು ಇನ್ನೂ ಬಡಕಲಾಗಿರಬೇಕಿತ್ತು ಎಂದು ಮತ್ತೊಬ್ಬರು. ಮೂಲೆಯಲ್ಲಿ ಕುಳಿತಿದ್ದ ನಮ್ಮ ಸೋದರಮಾವನವರು ಆವರೆಗೆ ತುಟಿ ಬಿಚ್ಚಿರಲಿಲ್ಲ. ಅವರೂ ಸಣ್ಣ ಕೆಲಸದಿಂದ ನಿವೃತ್ತರಾಗಿ, ತಮ್ಮ ಕಾಗದಗಳು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವುದನ್ನು ಎರಡು ವರ್ಷ ನೋಡಿದವರು. ಅವರು ಹೇಳಿದ್ದಿಷ್ಟೆ: "ಮುಖ ಹೇಗಾದರೂ ಇರಲಿ. ಬಾಗಿಲು ಕಾಯುವ ಹುಡುಗನಿಗೂ ಕೈಮುಗಿಯುವ ಕಾಲವೊಂದು ನಮಗೆ ಬಂದಿತ್ತು. ಅದನ್ನು ಅವರು ಬಲ್ಲರು." ಆ ಮೇಲೆ ಸ್ವಲ್ಪ ಹೊತ್ತು ಮಳೆಯ ಸದ್ದೊಂದೇ ಕೇಳುತ್ತಿದ್ದಿತು.

ಪಾತ್ರವು ಸರಿಯಾಗಿ ಬಂದಿತೇ ಎಂಬುದನ್ನು ಅಳೆಯುವ ಕೋಲು ಯಾವುದು? ಇದಕ್ಕೆ ಉತ್ತರವನ್ನು ತೇಜಸ್ವಿಯವರೇ 1980ರ "ಕರ್ವಾಲೊ"ದಲ್ಲಿ ಇಟ್ಟಿದ್ದಾರೆಂದು ನಮ್ಮ ಭಾವನೆ. ಅಲ್ಲಿ ಮಂದಣ್ಣನೆಂಬ ಹಳ್ಳಿಯ ಯುವಕನಿದ್ದಾನೆ. ಕಥೆ ಹೇಳುವವನ ಕಣ್ಣಿಗೆ ಅವನು ಜೇನು ಹಿಡಿಯುವ, ಒಂದು ಕೆಲಸಕ್ಕಾಗಿಯೂ ಮದುವೆಗಾಗಿಯೂ ಹಂಬಲಿಸುವ, ಗೊತ್ತುಗುರಿಯಿಲ್ಲದ ಹುಡುಗ. ವಿಜ್ಞಾನಿ ಕರ್ವಾಲೊರ ಕಣ್ಣಿಗೆ ಅವನೇ ಹುಟ್ಟು ಪ್ರಕೃತಿಶಾಸ್ತ್ರಜ್ಞ; ಹಾರುವ ಓತಿಯನ್ನು ಹುಡುಕಹೊರಟಾಗ ಅವನಿಲ್ಲದೆ ಅವರಿಗೆ ಸಾಗದು. 1978ರ ಸೂಪರ್‌ಮ್ಯಾನ್ ಚಿತ್ರದಲ್ಲಿ ಕ್ರಿಸ್ಟೋಫರ್ ರೀವ್ ಎಂಬ ನಟನು ಭುಜ ಕುಗ್ಗಿಸಿ ಕನ್ನಡಕ ಹಾಕಿದರೆ ಅಂಜುಬುರುಕ ಪತ್ರಿಕೆಯವನು. ಕನ್ನಡಕ ತೆಗೆದು ನೆಟ್ಟಗೆ ನಿಂತರೆ ಲೋಕರಕ್ಷಕ. ಹುಡುಗರು ಮೆಚ್ಚುವ ಕೌಶಲವದು, ಮೆಚ್ಚತಕ್ಕದ್ದೇ ಹೌದು. ಆದರೆ ಮಂದಣ್ಣನು ಎಲ್ಲಿಯೂ ವೇಷ ಬದಲಿಸುವುದಿಲ್ಲ. ಅವನು ದೊಡ್ಡವನಾಗಿ ಕಾಣಬೇಕಾದರೆ ನೋಡುವವರು ತಮ್ಮ ಕನ್ನಡಕವನ್ನು ಬದಲಿಸಿಕೊಳ್ಳಬೇಕು. ಹಾಗೆ ಬದಲಿಸಿಕೊಳ್ಳುವಂತೆ ಮಾಡಿದ ಚಿತ್ರಣವು ಸರಿಯಾದ ಚಿತ್ರಣ. ಮೂಗು ಹುಬ್ಬುಗಳ ಹೋಲಿಕೆ ಆಮೇಲಿನ ಮಾತು.

ಇದು ಬರಿಯ ರಸವಿಮರ್ಶೆಯ ಮಾತೆಂದು ವಾಚಕರು ಎಣಿಸಬಾರದು. ತಬರನ ವಾದ ನಡೆದ ವಾರದಲ್ಲಿಯೇ ಒಂದು ಪ್ರಸಂಗ ನಡೆಯಿತು. ನೆರೆಯ ತೋಟಗಳಲ್ಲಿ ಮೂವತ್ತು ವರ್ಷ ದುಡಿದ ಮುದುಕರೊಬ್ಬರು ವೃದ್ಧಾಪ್ಯವೇತನದ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಓದಿಸುವುದಕ್ಕಾಗಿ ಆಗಾಗ್ಗೆ ನಮ್ಮಲ್ಲಿಗೆ ಬರುವುದುಂಟು. ಅಂದೂ ಗೊರಬು ಹೊದ್ದು ಅಂಗಳಕ್ಕೆ ಬಂದರು. ಕಿಟಕಿಯಲ್ಲಿದ್ದ ಹುಡುಗನೊಬ್ಬನು "ತಬರ ಬಂದ" ಎಂದನು, ಉಳಿದವರು ನಕ್ಕರು. ಸೋದರಮಾವನವರು ಎದ್ದು ನಿಂತು, "ನಿನ್ನೆ ರಾತ್ರಿಯೆಲ್ಲ ತಬರನು ಹೇಗಿದ್ದನೆಂದು ಜಗಳವಾಡಿದಿರಿ. ಇಗೋ, ಜಗಲಿಯಲ್ಲಿ ನಿಂತಿದ್ದಾನೆ. ಹೋಗಿ ಅವರ ಕಾಗದ ಓದಿರಪ್ಪ" ಎಂದರು. ಕೋಪದ ದನಿಯಲ್ಲಿ ಅಲ್ಲ.

ಹುಡುಗನು ಹೋಗಿ ಓದಿದನು. ಒಂದು ಚೀಟಿಯಲ್ಲಿ ಮುದುಕರ ಹೆಸರು ಒಂದು ಬಗೆಯಾಗಿಯೂ ಇನ್ನೊಂದರಲ್ಲಿ ಮತ್ತೊಂದು ಬಗೆಯಾಗಿಯೂ ಇದ್ದಿತು, ಒಂದಕ್ಷರದ ವ್ಯತ್ಯಾಸ. ಅದಕ್ಕಾಗಿ ಅವರು ಐದು ಸಲ ಬಸ್ಸು ಹತ್ತಿ ಇಳಿದಿದ್ದರು. ಹುಡುಗನು ಅಂದೇ ಅರ್ಜಿ ಬರೆದುಕೊಟ್ಟು, ಮರುವಾರ ಜೊತೆಯಲ್ಲಿ ಹೋದನು. ಹಣ ಕೈಗೆ ಬಂದಿತೆಂದು ಬರೆಯುವ ಭಾಗ್ಯ ನಮಗಿನ್ನೂ ಒದಗಿಲ್ಲ, ಹೆಸರಂತೂ ಸರಿಯಾಗಿದೆ. ಹುಡುಗನು ಈಗ ಅವರನ್ನು ಕರೆಯುವುದು "ಅಜ್ಜ" ಎಂದು.

ಆದುದರಿಂದ ಮನೆಯ ಮಕ್ಕಳು ಸಿನಿಮಾದ ಪಾತ್ರಗಳನ್ನು ಹಿಡಿದು ವಾದಿಸಿದರೆ ಹಿರಿಯರು ಬಾಯಿ ಮುಚ್ಚಿಸಬೇಕಾಗಿಲ್ಲ. ಮುಸುಕಿನ ವೀರನಾಗಲಿ ಕಛೇರಿಯ ಜವಾನನಾಗಲಿ, ಒಬ್ಬ ಮನುಷ್ಯನನ್ನು ಹೇಗೆ ತೋರಿಸಿದರೆ ನ್ಯಾಯ ಎಂದು ಕೇಳುವ ಅಭ್ಯಾಸವು ಒಳ್ಳೆಯದೇ. ನಮ್ಮ ಕೋರಿಕೆ ಒಂದೇ: ಚಿತ್ರವನ್ನು ನೋಡುವ ಮುಂಚೆ ಕಥೆಯನ್ನು ಮನೆಯಲ್ಲಿ ಒಬ್ಬರು ಓದಿ ಹೇಳಲಿ, ಉಳಿದವರು ಕೇಳಲಿ, ಪ್ರತಿಯೊಬ್ಬರೂ ತಮ್ಮದೊಂದು ಮುಖವನ್ನು ಮೊದಲು ಮಾಡಿಕೊಳ್ಳಲಿ. ತಮ್ಮದೆಂಬ ಮುಖವೇ ಇಲ್ಲದವರಿಗೆ ಜಗಳವಾಡುವುದಕ್ಕೆ ತಾನೆ ಏನಿದೆ?