ಮೊದಲ ಕೂಗು

ಬಾಗಿಲಲ್ಲಿ ನಿಂತು ‘ಲೋ!’ ಎಂದು ಗೆಳೆಯನನ್ನು ಕರೆಯುವುದು ಕನ್ನಡಿಗರಿಗೆ ಹೊಸತಲ್ಲ. ಗಣಕಯಂತ್ರವೊಂದು ದೂರದ ಇನ್ನೊಂದರ ಬಾಗಿಲು ತಟ್ಟಿದಾಗ ಮೊದಲು ಮುಟ್ಟಿದ್ದೂ ಅದೇ ಕೂಗು! ೧೯೬೯ರ ಅಕ್ಟೋಬರ್ ೨೯ರಂದು ಲಾಸ್ ಏಂಜಲೀಸಿನ ವಿದ್ಯಾರ್ಥಿ ಚಾರ್ಲಿ ಕ್ಲೈನ್ ‘ಲಾಗಿನ್’ ಎಂದು ಬೆರಳಚ್ಚಿಸತೊಡಗಿದಾಗ, ‘ಎಲ್’, ‘ಓ’ ಎಂಬೆರಡೇ ಅಕ್ಷರ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯನ್ನು ಸೇರಿ, ಯಂತ್ರ ಮೂರ್ಛೆಹೋಯಿತು.

ಮುಂದೆ ಗುಪ್ತಪದವನ್ನೂ ಗಟ್ಟಿಯಾಗಿಯೇ ಕೂಗುವುದು ರೂಢಿಯಾಯಿತು. ೧೯೯೫ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಕಳ್ಳಗಿವಿಯೊಂದು ಅದನ್ನು ಕದ್ದಿತು. ಅಲ್ಲಿಯ ತಾತು ಯೂಲೋನೆನ್ ‘ಎಸ್ಸೆಸ್ಸೆಚ್’ ರಚಿಸಿ, ಕೂಗನ್ನು ಸಂಕೇತದ ಪಿಸುಮಾತಾಗಿಸಿದರು.

ಇಂದು ಆ ಆಜ್ಞೆಯೊಡನೆ ದೂರದ ಯಂತ್ರದ ಹೆಸರು ಬರೆದರೆ ಸಾಕು. ಮೊದಲ ಭೇಟಿಯಲ್ಲಿ ಮಾತ್ರ ಅದರ ಬೆರಳಗುರುತು ಮೂಡಿ, ‘ನಂಬುವಿರಾ?’ ಎಂಬ ಪ್ರಶ್ನೆ ಬರುತ್ತದೆ. ಬಹುಮಂದಿ ನೋಡದೆಯೇ ‘ಹೌದು’ ಎನ್ನುತ್ತಾರೆ. ಮನೆ ಯಾರದೆಂದು ವಿಚಾರಿಸದೆ ಒಳನುಗ್ಗುವವನನ್ನು ಯಾವ ಬೀಗ ತಾನೇ ಕಾಯಬಲ್ಲದು?